ಲಾಂಚೇ ಚೆನ್ನಾಗಿತ್ತು ಅನ್ನುವವರಿಗೆ

ನಂದಿ ಬೆಟ್ಟದ ಬುಡದ ಚಹಾದಂಗಡಿಯಲ್ಲಿ ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ನಡೆಯುವ ಮಾತಿಗೆ ಒಂದು ಧಾಟಿ ಇದೆ. ಬೆಟ್ಟ ಹತ್ತಿ ಇಳಿದ ಜಂಬ ಇನ್ನೂ ಆರಿರುವುದಿಲ್ಲ, ಹಾಗಾಗಿ ಎಲ್ಲರೂ ಸ್ವಲ್ಪ ಜೋರಾಗೇ ಮಾತಾಡುತ್ತೇವೆ. ಯಾರ ಸೈಕಲ್ಲಿಗೆ ಯಾವ ಟೈರು, ಯಾರ ಮ್ಯಾನೇಜರ್ ಎಂಥಾ ದರಿದ್ರದವನು, ಮುಂದಿನ ಲಾಂಗ್ ವೀಕೆಂಡ್ ಎಲ್ಲಿಗೆ. ನನ್ನ ಸರದಿ ಬಂದಾಗ, ಸಿಗಂದೂರು ಕಡೆ, ತುಮರಿ ಹತ್ತಿರ ಗೆಳೆಯನ ಮನೆಗೆ ಅಂದೆ. ತಕ್ಷಣ ಒಬ್ಬರು, "ಅಯ್ಯೋ, ಸೇತುವೆ ಬಂದ್ಮೇಲೆ ಅಲ್ಲಿ ಏನೂ ಮಜಾ ಇಲ್ಲ ಗುರೂ. ಲಾಂಚೇ ಚೆನ್ನಾಗಿತ್ತು. ಜಾಗ ಹಾಳಾಗೋಯ್ತು" ಅಂದರು. ಸುತ್ತ ಇದ್ದ ಐದಾರು ಹೆಲ್ಮೆಟ್ಟುಗಳು ಹೌದೌದು ಅಂತ ಅಲ್ಲಾಡಿದವು. ಅದರಲ್ಲಿ ನನ್ನದೂ ಒಂದು.

ಅವತ್ತು ತಲೆ ಅಲ್ಲಾಡಿಸಿದ್ದನ್ನು ವಾಪಸ್ ತಗೊಳ್ಳೋಕೆ ಈ ಬರಹ.

ಆ ಕಡೆ ಹೋಗದವರಿಗೆ ಎರಡು ಮಾತು. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ್ದು 1964ರಲ್ಲಿ. ಹಿನ್ನೀರು ಬಂದು ನಿಂತಾಗ ಆಚೆ ದಡದ ಊರುಗಳು ತಾಲ್ಲೂಕು ಕೇಂದ್ರದಿಂದ ಕಡಿದುಹೋದವು. ಅಲ್ಲಿಂದೀಚೆಗೆ ಹೊಳೆಬಾಗಿಲಿನಲ್ಲಿ ಲಾಂಚು. ಜನ, ಹಸು, ಬೈಕು, ಬಸ್ಸು, ನಮ್ಮಂಥವರ ಕಾರು, ಎಲ್ಲ ಅದರ ಮೇಲೇ. 2025ರ ಜುಲೈ 14ರಂದು ಅಂಬಾರಗೊಡ್ಲು ಮತ್ತು ಕಳಸವಳ್ಳಿ ನಡುವೆ ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಯಾಯಿತು. ಲೆಕ್ಕ ಹಾಕಿ: ನೀರು ಬಂದು ಅರವತ್ತೊಂದು ವರ್ಷ. ನಮ್ಮ ಆಫೀಸಿನ ಮುಂದೆ ಮೆಟ್ರೋ ಎರಡು ವರ್ಷ ತಡವಾಯಿತು ಅಂತ ನಾವು ಎಷ್ಟು ಮೀಮ್ ಮಾಡಿದ್ದೇವೆ ಅನ್ನೋದನ್ನೂ ನೆನಪಿಸಿಕೊಳ್ಳಿ.

ಈ ಸಲ ಕಾರು ಬಿಟ್ಟು ಹೋದೆ. ಶುಕ್ರವಾರ ರಾತ್ರಿಯ ತಾಳಗುಪ್ಪ ರೈಲಿಗೆ ಸೈಕಲ್ ಬುಕ್ ಮಾಡಿ ಬ್ರೇಕ್ ವ್ಯಾನಿಗೆ ಹಾಕಿಸಿದೆ. ಪಾರ್ಸೆಲ್ ಆಫೀಸಿನಲ್ಲಿ ಸೈಕಲ್ಲಿಗೆ ಗೋಣಿ ಸುತ್ತಿಸಿಕೊಂಡು ನಿಂತವನನ್ನು ಅಲ್ಲಿನ ಹಮಾಲರು ನೋಡುವ ನೋಟ ಇದೆಯಲ್ಲ, ಅದೊಂದು ಬೇರೆ ಕಥೆ. ಬೆಳಗ್ಗೆ ಸಾಗರದಲ್ಲಿ ಇಳಿದಾಗ ಡಿಸೆಂಬರಿನ ಚಳಿ, ಇಬ್ಬನಿ. ಅಲ್ಲಿಂದ ಹೊಳೆಬಾಗಿಲಿಗೆ ಮೂವತ್ತು ಕಿಲೋಮೀಟರಿನ ಆಸುಪಾಸು. ಕೊಯ್ಲು ಮುಗಿದ ಗದ್ದೆ, ಅಂಗಳಗಳಲ್ಲಿ ಅಡಿಕೆ ಹರವಿದ ಅಟ್ಟಗಳು, ಹಂಡೆಯಲ್ಲಿ ಅಡಿಕೆ ಬೇಯುವ ಆ ಒಗರು ವಾಸನೆ. ಏರು ಬಂದರೆ ಏದುಸಿರು, ಇಳಿಜಾರು ಬಂದರೆ ಕಿವಿಯೆಲ್ಲ ಗಾಳಿ. ಸುಖ ಅಂದರೆ ಸುಖ. ಅದನ್ನು ಅಲ್ಲಗಳೆದು ಸಂತನಾಗುವ ಉದ್ದೇಶ ನನಗಿಲ್ಲ.

ಸೇತುವೆ ಬಂತು. ಮೇಲೆ ಸಾಲಾಗಿ ನಿಂತ ಕಾರುಗಳು, ಕೇಬಲ್ಲುಗಳ ಕೆಳಗೆ ಕೈ ಚಾಚಿಕೊಂಡು ರೀಲ್ಸ್ ಮಾಡುವವರು, ಕುರ್ಕುರೆ ಪೊಟ್ಟಣ. ಎರಡೂ ಕಡೆ ಅಂಚಿನ ತನಕ ನೀರು. ಹಿಂದೆಲ್ಲ ಒಂದೂವರೆ ತಾಸು ಸಾಲಿನಲ್ಲಿ ಕಾದು, ಲಾಂಚಿನ ಕಂಬಿಗೆ ಒರಗಿಕೊಂಡು ದಾಟುತ್ತಿದ್ದ ನೀರನ್ನು ಏಳೆಂಟು ನಿಮಿಷದಲ್ಲಿ ದಾಟಿಬಿಟ್ಟೆ. ಆಚೆ ದಡದಲ್ಲಿ ಕಾಲೂರಿ ನಿಂತಾಗ ನಿಜಕ್ಕೂ ಮನಸ್ಸಿಗೆ ಪಿಚ್ಚೆನಿಸಿತು. ಲಾಂಚಿನ ಎಂಜಿನ್ನಿನ ದಡದಡ ಸದ್ದು, ನೀರಿನಿಂದ ತಲೆ ಎತ್ತಿದ ಸತ್ತ ಮರದ ಬೊಡ್ಡೆಗಳು, ಮುಖಕ್ಕೆ ಹೊಡೆಯುವ ತಣ್ಣನೆ ಗಾಳಿ, ಅದೆಲ್ಲ ಇಲ್ಲ. ನಂದಿ ಬೆಟ್ಟದ ಆ ಮನುಷ್ಯ ಹೇಳಿದ್ದು ಸರಿ ಅಂತಲೇ ಅಂದುಕೊಂಡೆ.

ಗೆಳೆಯನೂ ನಾನೂ ಒಂದೇ ಕಂಪನಿಯಲ್ಲಿ ಆರು ವರ್ಷ ಅಕ್ಕಪಕ್ಕದ ಕುರ್ಚಿಯಲ್ಲಿ ಕೂತವರು. 2022ರಲ್ಲಿ ಅವನು ಕೆಲಸ ಬಿಟ್ಟು ಊರಿಗೆ ಬಂದ. ಅಪ್ಪನಿಗೆ ಹುಷಾರಿಲ್ಲ, ತೋಟ ನೋಡ್ಕೋಬೇಕು ಅಂದಿದ್ದ. ನಾವು ಬೀಳ್ಕೊಡುಗೆ ಕಾರ್ಡಿನಲ್ಲಿ ಏನು ಬರೆದೆವು ಗೊತ್ತಾ? "ಲಕ್ಕಿ ಫೆಲೋ", "ನಮ್ಮ ಕನಸನ್ನ ನೀನು ಬದುಕ್ತಿದೀಯ", "ಟ್ರಾಫಿಕ್ಕಿಗೆ ಟಾಟಾ". ನಾನು ಬರೆದದ್ದು, "ಪುಣ್ಯ ಮಾಡಿದ್ದೆ ಮಾರಾಯ, ರೂಮು ರೆಡಿ ಇಟ್ಕೋ, ಬರ್ತಾ ಇರ್ತೀನಿ." ಹೇಳಿದ ಹಾಗೇ ಹೋದೆ ಕೂಡ. ಇದು ಐದನೇ ಸಲ.

ರಾತ್ರಿ ಊಟ ಆಯಿತು. ಕೊಯ್ಲಿನ ಕಾಲವಲ್ಲವೇ, ಉಂಡವರೆಲ್ಲ ಅಡಿಕೆ ಸುಲಿಯಲು ಕೂತರು. ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲಗಿಗೆ ಒತ್ತಿ ತಿರುಗಿಸಿದರೆ ಸಿಪ್ಪೆ ಬಿಚ್ಚಿಕೊಳ್ಳುತ್ತದೆ. ಅವರು ನೋಡದೆ ಮಾಡುತ್ತಾರೆ. ನಾನು ನೋಡಿಕೊಂಡು ಮಾಡಿದರೂ ಹತ್ತರಲ್ಲಿ ನಾಲ್ಕು ಅಡಿಕೆ ಗಾಯ. ಗೆಳೆಯ, ಅವನ ಹೆಂಡತಿ, ಅವನ ಅಮ್ಮ, ಪಕ್ಕದ ಮನೆಯ ಇಬ್ಬರು ಹೆಂಗಸರು. ಅಪ್ಪ ಮಾತ್ರ ಕಂಬಕ್ಕೆ ಒರಗಿ ಜಗಲಿ ಮೇಲೆ ಕೂತಿದ್ದರು. ಮಾತಿಗೆ ಅಂತ ನಾನೇ ತೆಗೆದೆ, "ಸೇತುವೆ ಚೆನ್ನಾಗಿದೆ, ಆದ್ರೂ ಲಾಂಚ್ ಮಿಸ್ ಮಾಡ್ಕೊಂಡೆ ಕಣೋ. ಆ ಕಾಯೋದ್ರಲ್ಲೂ ಒಂಥರಾ ಮಜಾ ಇತ್ತು."

ಯಾರೂ ಏನೂ ಅನ್ನಲಿಲ್ಲ. ಸಿಪ್ಪೆ ಬಿಚ್ಚುವ ಚರಕ್ ಚರಕ್ ಸದ್ದು. ಆಮೇಲೆ ಗೆಳೆಯನ ಹೆಂಡತಿ ತಲೆ ಎತ್ತದೆ ಹೇಳಿದರು, "ಒಂದು ಗಂಟೆ ಕಾದ್ರೆ ಮಜಾನೇ ಬಿಡಿ. ನಾನು ಆರು ವರ್ಷ ಕಾದೆ."

ಆಕೆ ಹೊಳೆಯ ಆಚೆ ಕಡೆಯ ಶಾಲೆಯಲ್ಲಿ ಟೀಚರು. ಬೆಳಗ್ಗೆ ಲಾಂಚು, ಸಂಜೆ ಲಾಂಚು. ವಾರದ ದಿನ ಹೇಗೋ ಆಗುತ್ತಿತ್ತಂತೆ. ಶನಿವಾರ ಅರ್ಧ ದಿನ ಶಾಲೆ ಮುಗಿಸಿ ದಡಕ್ಕೆ ಬಂದರೆ ಕಾರುಗಳ ಸಾಲು. ಊರಿನವರಿಗೆ ಮೊದಲು ಬಿಡಿ ಅಂತ ಜಗಳ, ನಾವು ದೂರದಿಂದ ಬಂದಿದ್ದೀವಿ ಅಂತ ಇನ್ನೊಂದು ಜಗಳ. "ದೂರದಿಂದ ಬಂದವ್ರು ನೀವೇ ಅಲ್ವಾ, ನಿಮ್ಗೆ ಗೊತ್ತಿರತ್ತೆ" ಅಂದರು, ನಗುತ್ತಲೇ. ಕಡೇ ಲಾಂಚು ತಪ್ಪಿದರೆ ಆಚೆ ದಡದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಮಲಗಬೇಕು. ಮಗುವಿಗೆ ಆಗ ಒಂದೂವರೆ ವರ್ಷ, ಎದೆಹಾಲು ಬಿಟ್ಟಿರಲಿಲ್ಲ. ಬೇಸಗೆಯಲ್ಲಿ ನೀರು ಇಳಿದರೆ ಲಾಂಚಿಗೆ ವಾಹನ ಹತ್ತಿಸುವುದೇ ನಿಲ್ಲುತ್ತಿತ್ತು. ಸ್ಕೂಟರು ಆಚೆಗೊಂದು ಈಚೆಗೊಂದು ಇಟ್ಟುಕೊಂಡಿದ್ದರಂತೆ.

ನನಗೆ ನೆನಪಾಯಿತು. ಹಿಂದಿನ ಒಂದು ಭೇಟಿಯಲ್ಲಿ ಅದೇ ಸಾಲಿನಲ್ಲಿ ಕಾರಿನ ಎಸಿ ಹಾಕಿಕೊಂಡು, ಕಿಟಕಿ ಬಡಿದು ಏನೋ ಕೇಳಿದ ಊರಿನವರಿಗೆ "ನಾವೂ ಲೈನಲ್ಲಿದೀವಲ್ಲ ಸಾರ್" ಅಂದಿದ್ದು.

ಆಮೇಲೆ ಗೆಳೆಯ ಶುರು ಮಾಡಿದ. ಅವನೂ ಕೈ ನಿಲ್ಲಿಸಲಿಲ್ಲ, ಮುಖ ನೋಡಲಿಲ್ಲ. 2021ರ ಚಳಿಗಾಲ, ರಾತ್ರಿ ಒಂಬತ್ತೂವರೆ. ಅಪ್ಪ ಇದೇ ಜಾಗದಲ್ಲಿ ಸುಲಿಯುತ್ತಾ ಕೂತಿದ್ದವರು, ಮೆಟ್ಟುಗತ್ತಿಯ ಮೇಲಿನ ಬಲಗೈ ಜಾರಿತು. ರಕ್ತ ಬಂತು ಅಂತ ಎಲ್ಲ ಓಡಿ ಬಂದರೆ, ಅವರಿಗೆ ಕೈ ಕುಯ್ದದ್ದೇ ಗೊತ್ತಿಲ್ಲ. ಮಾತು ತೊದಲುತ್ತಿತ್ತು. ಲಕ್ವ ಹೊಡೆದಿತ್ತು. ಲಾಂಚು ಆ ಹೊತ್ತಿಗೆ ದಡದಲ್ಲಿ ಕಟ್ಟಿ ಆಗಿತ್ತು. ಫೋನ್ ಮಾಡೋಣ ಅಂದರೆ ಗುಡ್ಡ ಹತ್ತಬೇಕು. "ಲಾಂಚಿನವ್ರು ಕೆಟ್ಟವ್ರಲ್ಲ ಮಾರಾಯ, ಎಷ್ಟೋ ಸಲ ಅರ್ಧ ರಾತ್ರಿ ಎದ್ದು ಬಂದಿದಾರೆ. ಅವತ್ತು ಸಿಗ್ಲಿಲ್ಲ, ಅಷ್ಟೇ." ಪಕ್ಕದ ಮನೆಯವರ ಜೀಪಿನಲ್ಲಿ ಕಾಡಿನ ರಸ್ತೆ ಬಳಸಿಕೊಂಡು ಹೋದರು. ಮೊದಲ ಆಸ್ಪತ್ರೆಯಲ್ಲಿ ಇಲ್ಲಾಗಲ್ಲ ಅಂದರು, ಎರಡನೆಯದಕ್ಕೆ ಮುಟ್ಟುವಾಗ ಬೆಳಗಿನ ಜಾವ. ಮೆದುಳಿನ ರಕ್ತನಾಳದಲ್ಲಿ ಕಟ್ಟಿದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಬೇಕು ಅಂದರೆ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದು ಮೀರಿ ಹೋಗಿತ್ತು.

"ಈಗ ಸೇತುವೆ ಮೇಲೆ ಸಾಗರಕ್ಕೆ ಒಂದು ತಾಸು" ಅಂದ. ಅಷ್ಟೇ. ಬುಟ್ಟಿ ತುಂಬಿತ್ತು, ಎದ್ದು ಒಯ್ದ.

ನಾನು ಜಗಲಿಯ ಕಡೆ ನೋಡಿದೆ. ಅಪ್ಪನ ಬಲಗೈ ತೊಡೆಯ ಮೇಲಿತ್ತು. ಐದು ಸಲ ಬಂದಿದ್ದೇನೆ. ಅವರು ಎಡಗೈಯಲ್ಲಿ ಚಮಚ ಹಿಡಿದು ಉಣ್ಣುವುದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಏನಾಗಿದ್ದು ಅಂತ ಒಂದು ಸಲವೂ ಕೇಳಿರಲಿಲ್ಲ. ಕೇಳಲು ಹೊತ್ತೇ ಇರಲಿಲ್ಲ. ಸೂರ್ಯಾಸ್ತಕ್ಕೆ ಮುಂಚೆ ಹಿನ್ನೀರಿನ ದಡಕ್ಕೆ ಹೋಗಬೇಕಿತ್ತಲ್ಲ.

ಇದನ್ನು ಇಷ್ಟು ಉದ್ದ ಯಾಕೆ ಹೇಳಿದೆ ಅಂದರೆ, "ಜಾಗ ಹಾಳಾಯ್ತು" ಅನ್ನುವ ಮಾತಿನಲ್ಲಿ 'ಜಾಗ' ಅಂದರೆ ಏನು ಅಂತ ಒಮ್ಮೆ ಕೇಳಿಕೊಳ್ಳಬೇಕು. ನಮಗೆ ಜಾಗ ಅಂದರೆ ಶುಕ್ರವಾರ ರಾತ್ರಿಯಿಂದ ಭಾನುವಾರ ರಾತ್ರಿವರೆಗೆ ಇರುವ ಒಂದು ವಸ್ತು. ಸೋಮವಾರ ಅದು ಇರುವುದಿಲ್ಲ. ಮಳೆಗಾಲದ ಮಂಗಳವಾರ ಅಂತೂ ಇಲ್ಲವೇ ಇಲ್ಲ. ಹೆರಿಗೆ ನೋವು, ಹಾವು ಕಡಿತ, ಪಿಯುಸಿ ಪರೀಕ್ಷೆ, ಇವೆಲ್ಲ ನಮ್ಮ ಫೋಟೋದ ಚೌಕಟ್ಟಿನ ಹೊರಗೆ. ಹಾಗಾಗಿ ಲಾಂಚು ನಮಗೆ ಸವಾರಿ, ಕಾಯುವುದು ನಮಗೆ ಧ್ಯಾನ, ನೆಟ್‌ವರ್ಕ್ ಇಲ್ಲದಿರುವುದು ನಮಗೆ ಡಿಜಿಟಲ್ ಡಿಟಾಕ್ಸ್. ದುಡ್ಡು ಕೊಟ್ಟು ಡಿಟಾಕ್ಸ್ ಮಾಡುವವರು ನಾವು. ಅದೇ ನೆಟ್‌ವರ್ಕಿಗಾಗಿ ಗುಡ್ಡ ಹತ್ತುತ್ತಿದ್ದವರು ಅವರು.

ಮತ್ತೆ ಆ ಮೌನ. "ಎಷ್ಟು ಶಾಂತವಾಗಿದೆ ಇಲ್ಲಿ!" ಸೈಕಲ್ ನಿಲ್ಲಿಸಿದಾಗಲೆಲ್ಲ ನಾವು ಹೇಳುವ ಮಾತು. ಆ ಶಾಂತಿ ಪ್ರಕೃತಿ ಕೊಟ್ಟದ್ದಲ್ಲ ಸ್ವಾಮಿ, ಜನರನ್ನು ಎಬ್ಬಿಸಿ ಮಾಡಿದ್ದು. ಲಿಂಗನಮಕ್ಕಿಗೂ ಮುಂಚೆ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಇತ್ತು. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರಕ್ಕೆ ಅದೇ ನೀರು ಕೊಡುತ್ತಿದ್ದದ್ದು. ಆಮೇಲೆ ದೊಡ್ಡ ಅಣೆಕಟ್ಟು ಬಂದು ಆ ಅಣೆಕಟ್ಟನ್ನೇ ಮುಳುಗಿಸಿತು. ನೀರು ತೀರಾ ಇಳಿದ ಬೇಸಗೆಗಳಲ್ಲಿ ಅದು ಮೇಲೆ ಕಾಣುತ್ತದೆ, ಹಳೇ ರಸ್ತೆಯೂ ಕಾಣುತ್ತದೆ. ಒಂದು ವರ್ಷ ನಾನೂ ಆ ರಸ್ತೆಯ ಮೇಲೆ ನಡೆದಿದ್ದೇನೆ. ನಡೆದು, ಮೇಲಿಂದ ತೆಗೆದ ಹಾಗೆ ಕಾಣುವ ಒಂದು ಫೋಟೋ ಹಾಕಿ, ಕಳೆದುಹೋದ ನಾಗರಿಕತೆ ಅಂತ ಏನೋ ಬರೆದಿದ್ದೆ. ನಾಗರಿಕತೆ ಎಲ್ಲೂ ಕಳೆದುಹೋಗಿರಲಿಲ್ಲ. ಆ ಊರುಗಳವರ ಮಕ್ಕಳು ಮೊಮ್ಮಕ್ಕಳು ಶಿವಮೊಗ್ಗದ ಸುತ್ತಮುತ್ತ ಪುನರ್ವಸತಿಯ ಜಾಗಗಳಲ್ಲಿದ್ದಾರೆ, ಅವರಲ್ಲಿ ಎಷ್ಟೋ ಜನರಿಗೆ ಉಳುವ ನೆಲದ ಹಕ್ಕುಪತ್ರ ಇವತ್ತಿಗೂ ಇಲ್ಲ. ಲಿಂಗನಮಕ್ಕಿಯ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ದಶಕಗಳ ಕಾಲ ಈ ರಾಜ್ಯದ ಬಲ್ಬು ಉರಿದದ್ದು ಬಹುಪಾಲು ಅದರಿಂದ. ನಾ. ಡಿಸೋಜ ಅವರು 'ಮುಳುಗಡೆ', 'ದ್ವೀಪ' ಬರೆದದ್ದು ಇದೇ ನೀರಿನ ಬಗ್ಗೆ. 'ದ್ವೀಪ'ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು, ಸೌಂದರ್ಯ ಇದ್ದರು, ನೋಡಿದವರು ಬಹಳ ಜನ ಇದ್ದೀರಿ. ನೋಡಿ, ಅತ್ತು, ಮುಂದಿನ ತಿಂಗಳು ಕಾರಿನಲ್ಲಿ ಹೋಗಿ "ಲಾಂಚ್ ಸೂಪರ್" ಅಂದವರಲ್ಲಿ ನಾನೂ ಇದ್ದೇನೆ.

"ಆದರೆ ಪರಿಸರ?" ಅನ್ನುತ್ತೀರಿ. ಕೇಳಿ, ಒಳ್ಳೆ ಪ್ರಶ್ನೆಯೇ. ಅದೇ ಶರಾವತಿ ಕಣಿವೆಯಲ್ಲಿ, ಸಿಂಗಳೀಕದ ಅಭಯಾರಣ್ಯದೊಳಗೆ, ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ಸುರಂಗ ಕೊರೆದು 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಮಾಡುವ ಯೋಜನೆ ಇದೆ. ರಾತ್ರಿಯೋ ಮಧ್ಯಾಹ್ನವೋ ಬೇಡಿಕೆ ಕಡಿಮೆ ಇದ್ದಾಗ ನೀರನ್ನು ಮೇಲೆತ್ತಿ, ನಾವೆಲ್ಲ ಮನೆಗೆ ಬಂದು ಗೀಸರ್, ಇಂಡಕ್ಷನ್ ಹಾಕುವ ಹೊತ್ತಿಗೆ ಕೆಳಗೆ ಬಿಟ್ಟು ಕರೆಂಟು ಮಾಡುವುದು. ಅದರ ವಿರುದ್ಧ ಆ ಕಡೆಯ ಜನ ಬೀದಿಗಿಳಿದಿದ್ದಾರೆ. ನಂದಿ ಬೆಟ್ಟದ ಚಹಾದಂಗಡಿಯಲ್ಲಿ ಅದರ ಬಗ್ಗೆ ಒಂದು ಮಾತು ನಾನು ಕೇಳಿಲ್ಲ. 2019ರಲ್ಲಿ ಲಿಂಗನಮಕ್ಕಿಯ ನೀರನ್ನೇ ಬೆಂಗಳೂರಿಗೆ ತರುವ ಪ್ರಸ್ತಾಪ ಎದ್ದು, ಜುಲೈ 10ಕ್ಕೆ ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ನಮ್ಮ ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಆವತ್ತು ಚರ್ಚೆ ನಡೆದದ್ದು ಟ್ಯಾಂಕರ್ ರೇಟು ಇಳಿಯುತ್ತಾ ಅಂತ. ಸುರಂಗಕ್ಕೆ ಮೌನ, ಪೈಪಿಗೆ ಆಸೆ, ಸೇತುವೆಗೆ ಮಾತ್ರ ಕಣ್ಣೀರು! ಇದು ಪರಿಸರ ಕಾಳಜಿ ಆಗಿದ್ದರೆ ಕ್ರಮ ಉಲ್ಟಾ ಇರಬೇಕಿತ್ತು.

ಭಾನುವಾರ ಬೆಳಗ್ಗೆ ವಾಕಿಂಗಿಗೆ ಹೊರಟೆ. ಮನೆ ಹಿಂದಿನ ಬೇಣ ದಾಟಿದರೆ ಕಾಡಿನೊಳಗೆ ಒಂದು ಕಾಲುದಾರಿ, ಹಿನ್ನೀರಿಗೆ ಇಳಿಯುತ್ತದೆ. ಹಿಂದೊಮ್ಮೆ ಮಳೆಗಾಲ ಮುಗಿದಾಗ ಹೋಗಿದ್ದೆ. ಚಡ್ಡಿ, ಶೂ ಹಾಕಿಕೊಂಡು ಅಂಗಳಕ್ಕಿಳಿದವನನ್ನು ಗೆಳೆಯನ ಅಮ್ಮ ತಡೆದರು. "ತಮ್ಮಾ, ಕಾಡಿಗೆ ಈಗ ಬ್ಯಾಡ. ಉಣುಗು."

ಮಂಗನ ಕಾಯಿಲೆ. 1957ರಲ್ಲಿ ಇಲ್ಲೇ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು, ಪ್ರಪಂಚದ ವೈದ್ಯ ಪುಸ್ತಕಗಳಲ್ಲೆಲ್ಲ ಆ ಕಾಡಿನ ಹೆಸರಿನಲ್ಲೇ ಇದೆ. ಉಣುಗು ಕಚ್ಚಿದರೆ ಬರುತ್ತದೆ. ಚಳಿಗಾಲದಿಂದ ಮಳೆ ಹಿಡಿಯುವ ತನಕ ಅದರ ಕಾಲ. 2019ರಲ್ಲಿ ಇದೇ ಸೀಮೆಯ ಅರಳಗೋಡಿನಲ್ಲಿ ಎದ್ದಾಗ ಹಲವರು ತೀರಿಕೊಂಡರು. ರೋಗಿಗಳನ್ನು ಮಣಿಪಾಲದ ತನಕ ಒಯ್ದರು. ಹಳೇ ಲಸಿಕೆ ಅಷ್ಟು ಕೆಲಸ ಮಾಡುತ್ತಿಲ್ಲ ಅಂತ ನಿಲ್ಲಿಸಿದ್ದಾರೆ. ಅಮ್ಮನಿಗೆ ಇದೆಲ್ಲ ಅಂಕಿ ಸಂಖ್ಯೆ ಸಮೇತ ಬಾಯಿಗೆ ಬರುತ್ತದೆ. "ನೀವು?" ಅಂದೆ. "ದರಗು ತರ್ಬೇಕಲ್ಲ ತಮ್ಮಾ, ಕೊಟ್ಟಿಗೆಗೆ. ಎಣ್ಣೆ ಹಚ್ಕಂಡು ಹೋಗ್ತೀವಿ" ಅಂದರು. ಆರೋಗ್ಯ ಇಲಾಖೆಯವರು ಕೊಟ್ಟ ಬಾಟಲಿ ಬಚ್ಚಲುಮನೆ ಗೂಡಿನಲ್ಲಿತ್ತು. ನನಗೆ ವಾಕಿಂಗ್ ಆಗಿದ್ದ ಕಾಲುದಾರಿ ಅವರಿಗೆ ದಿನದ ಕೆಲಸದ ದಾರಿ. ನಾನು ಬೇಡ ಅಂದರೆ ಬಿಡಬಹುದು. ಅವರು ಬಿಟ್ಟರೆ ಕೊಟ್ಟಿಗೆಯಲ್ಲಿ ಹಸು ಸಗಣಿಯ ಮೇಲೇ ಮಲಗುತ್ತದೆ.

ಹಾಗಾಗಿ ಡಾಂಬರು ರಸ್ತೆಯ ಮೇಲೇ ನಡೆದೆ, ಗೆಳೆಯನ ಜತೆ. ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ನಂದಿ ಬೆಟ್ಟದ ಮನುಷ್ಯನ ಮಾತಿನಲ್ಲಿ ಒಂದು ಎಳೆ ನಿಜವಿದೆ. ಮುಂಚೆ ಈ ರಸ್ತೆಯಲ್ಲಿ ಹಗಲು ಹೊತ್ತಿನಲ್ಲಿ ಬೆರಳೆಣಿಕೆಯ ವಾಹನ. ಲಾಂಚು ಒಂದು ಸಲಕ್ಕೆ ಎಷ್ಟು ಹೊರುತ್ತದೋ ಅಷ್ಟೇ. ಈಗ ರಜೆ ದಿನ ಕಾರುಗಳು ಒಂದರ ಹಿಂದೆ ಒಂದು, ತಿರುವಿನಲ್ಲೂ ವೇಗ ಇಳಿಸದೆ. ಅರ್ಧ ತಾಸಿನಲ್ಲಿ ನಾವು ನಾಲ್ಕು ಸಲ ಚರಂಡಿಗೆ ಇಳಿದೆವು. ಎದುರಿಗೆ ಇಬ್ಬರು ಹುಡುಗಿಯರು ಹಾಲಿನ ಕ್ಯಾನು ಹಿಡಿದು ಡೇರಿಗೆ ನಡೆದುಕೊಂಡು ಬರುತ್ತಿದ್ದರು. ಅವರು ಕಾರಿನ ಸದ್ದು ಕೇಳಿದ ಕೂಡಲೇ, ನೋಡುವುದಕ್ಕೂ ಮುಂಚೆ, ಪಕ್ಕಕ್ಕೆ ಇಳಿಯುತ್ತಿದ್ದರು. ಅಷ್ಟು ಬೇಗ ರೂಢಿಯಾಗಿದೆ. ಅವರ ಅಕ್ಕಂದಿರ ಕಾಲಕ್ಕೆ ಎಂಟನೇ ಕ್ಲಾಸಿಗೆ ಸರ್ಕಾರ ಸೈಕಲ್ ಕೊಡುತ್ತಿತ್ತು, ಕೋವಿಡ್ ಬಂದ ವರ್ಷದಿಂದ ಅದು ನಿಂತಿತು. ಹೈಸ್ಕೂಲಿಗೆ ನಡೆದೇ ಹೋಗುತ್ತಾರೆ. ನಾಲ್ಕು ಹೆಜ್ಜೆ ಆಚೆ, ಒಂದೂಕಾಲು ಲಕ್ಷದ ನನ್ನ ಕಾರ್ಬನ್ ಫ್ರೇಮಿನ ಸೈಕಲ್ ಗೆಳೆಯನ ಜಗಲಿಗೆ ಒರಗಿಕೊಂಡು ವಿಶ್ರಾಂತಿ ತೆಗೆದುಕೊಳ್ಳುತ್ತಿತ್ತು.

ಸರಿ, ಕಾರು ಜಾಸ್ತಿಯಾಯಿತು. ಆದರೆ ಆ ಕಾರು ಯಾರದ್ದು? ನಂಬರ್ ಪ್ಲೇಟ್ ನೋಡಿಕೊಂಡು ಬಂದೆ. ಕೆಎ 01, 03, 05, 51, 53. ನಮ್ಮವೇ. ಹಾಳು ಮಾಡುತ್ತಿರುವವರು ನಾವು, ಹಾಳಾಯಿತು ಅಂತ ಗೊಣಗುವವರು ನಾವು, ಬೈಸಿಕೊಳ್ಳುವುದು ಸೇತುವೆ. ಅರವತ್ತು ವರ್ಷ ಅರ್ಜಿ ಕೊಟ್ಟು, ಧರಣಿ ಕೂತು ಅವರು ಪಡೆದದ್ದನ್ನು, ಐದು ತಿಂಗಳಲ್ಲಿ ನಾವು ಪಾರ್ಕಿಂಗ್ ಜಾಗ ಮಾಡಿಕೊಂಡಿದ್ದೇವೆ. ಸೇತುವೆ ಇರಬಾರದಿತ್ತು ಅನ್ನುವ ಬದಲು ಸೇತುವೆ ಮೇಲೆ ನಮ್ಮ ಕಾರು ಇರಬಾರದು ಅಂತ ಒಬ್ಬರೂ ಯಾಕೆ ಅನ್ನುವುದಿಲ್ಲ? ರೈಲು ಇದೆ, ಸಾಗರದಿಂದ ಬಸ್ಸು ಇದೆ. ನಿಧಾನ ಬೇಕು ಅಂತ ಅಷ್ಟು ಆಸೆ ಇರುವವರು ನಿಧಾನವಾಗಿ ಬರಲಿ. ಬರುವಾಗ ಮುನ್ನೂರೈವತ್ತು ಕಿಲೋಮೀಟರ್ ಜೋರಾಗಿ ಬಂದು, ಇಳಿದ ಮೇಲೆ ನೀವೆಲ್ಲ ನಿಧಾನವಾಗಿರಿ ಅಂತ ಊರಿನವರಿಗೆ ಹೇಳುವುದು ಯಾವ ನ್ಯಾಯ?

ಇನ್ನೊಂದು ಮಾತು, ಇದು ನಮ್ಮ ಸೈಕಲ್ ಮಂದಿಗೆ. 2020ರಲ್ಲಿ ಔಟರ್ ರಿಂಗ್ ರೋಡಿನಲ್ಲಿ ಸೈಕಲ್ ಪಥ ಮಾಡಿ, ನಡುವೆ ಕಂಬ ನೆಟ್ಟರು. ಕಂಬಗಳಿಗೆ ಕಾರು ಗುದ್ದಿದವು, ಬೈಕಿನವರು ಒಳಗೆ ನುಗ್ಗಿದರು, ಕ್ರಮೇಣ ಪಥವೇ ಇಲ್ಲವಾಯಿತು. ನಮ್ಮಲ್ಲಿ ಕೆಲವರು ಅದಕ್ಕಾಗಿ ಓಡಾಡಿದರು, ಪತ್ರ ಬರೆದರು. ನಾನು ಅವರಲ್ಲಿ ಇರಲಿಲ್ಲ. ನಾನು ಆಫೀಸಿಗೆ ಕ್ಯಾಬಿನಲ್ಲಿ ಹೋಗುತ್ತಿದ್ದೆ, ಸೈಕಲ್ ಭಾನುವಾರಕ್ಕೆ. ಮನೆಯಿಂದ ತರಕಾರಿ ಅಂಗಡಿಗೆ ಆರುನೂರು ಮೀಟರ್, ಫುಟ್‌ಪಾತ್ ಇಲ್ಲ ಅಂತ ಆ್ಯಪಿನಲ್ಲಿ ತರಿಸುತ್ತೇನೆ. ಕಾರ್ಪೊರೇಟರ್ ಹೆಸರು ಕೇಳಿದರೆ ಗೊತ್ತಿಲ್ಲ, ಬೆಂಗಳೂರಿನಲ್ಲಿ 2020ರಿಂದ ಕಾರ್ಪೊರೇಟರುಗಳೇ ಇಲ್ಲ ಅನ್ನೋದನ್ನೂ ತಡವಾಗಿ ತಿಳಿದುಕೊಂಡವನು. ನಡೆಯುವ ಹಾದಿಯನ್ನು ನಮ್ಮ ಬೀದಿಯಲ್ಲಿ ಕೇಳಿ ಪಡೆಯುವ ಕಷ್ಟ ಬೇಡ, ಅದನ್ನು ತುಮರಿಯವರು ನಮಗೋಸ್ಕರ ಹಾಗೇ ಕಾಪಾಡಿಕೊಂಡು ಇರಲಿ, ಲಾಂಚಿನ ಸಮೇತ. ಇದು ನಮ್ಮ ಬೇಡಿಕೆ. ಬಿಡಿಸಿ ಹೇಳಿದರೆ ಇಷ್ಟೇ.

"ಪ್ರವಾಸಿಗರು ಬಂದ್ರೆ ಅವ್ರಿಗೇ ಲಾಭ ಅಲ್ವಾ" ಅನ್ನುವವರೂ ಇದ್ದಾರೆ. ಹೋಂಸ್ಟೇ ಇಟ್ಟವರಿಗೆ, ಹೋಟೆಲಿನವರಿಗೆ ಲಾಭ ಇರಬಹುದು, ಇರಲಿ. ನನ್ನ ಲೆಕ್ಕ ಹೇಳುತ್ತೇನೆ. ಐದು ಸಲದ ಹತ್ತು ರಾತ್ರಿಗೆ ನಾನು ಆ ಊರಿನಲ್ಲಿ ಖರ್ಚು ಮಾಡಿದ್ದು ಎರಡು ಸಲ ಪಂಕ್ಚರ್, ಒಂದಷ್ಟು ಚಹಾ. ವಾಪಸ್ ತಂದದ್ದು ಬಾಳೆಗೊನೆ, ಕಾಳುಮೆಣಸು, ಅಪ್ಪೆಮಿಡಿ ಉಪ್ಪಿನಕಾಯಿ, ತೊಡೆದೇವು. ಗೆಳೆಯನ ಹೆಂಡತಿಗೆ ವಾರಕ್ಕೆ ಒಂದೇ ರಜೆ. ಆ ರಜೆಯ ಬೆಳಗ್ಗೆ ಆಕೆ ನನಗೆ ನೀರುದೋಸೆ ಹೊಯ್ಯುತ್ತಿದ್ದರು, ನಾನು "ಇನ್ನೊಂದು ಸಾಕು" ಅಂತ ಮೂರು ಸಲ ಅಂದೆ. ಈ ಸಲ ತಟ್ಟೆ ತೊಳೆದೆ. ಅದನ್ನೊಂದು ಸಾಧನೆ ಅಂತ ಬರೆಯಲು ಕೂತಿದ್ದೇನೆ ನೋಡಿ.

ಹೊರಡುವ ಹೊತ್ತಾಯಿತು. ರಾತ್ರಿ ಸಾಗರದಲ್ಲಿ ರೈಲು, ಅಷ್ಟರೊಳಗೆ ಸೈಕಲ್ ಕಟ್ಟಿಸಬೇಕು. ಗೆಳೆಯ, "ಸೇತುವೆ ತನಕ ನಾವೂ ಬರ್ತೀವಿ, ಅಪ್ಪನ್ನ ಹೇಗೂ ಕರ್ಕೊಂಡು ಹೋಗ್ಬೇಕು" ಅಂದ. ಫಿಜಿಯೋಥೆರಪಿಯವರು ಸಮತಟ್ಟಾದ ಜಾಗದಲ್ಲಿ ದಿನಾ ನಡೆಸಿ ಅಂದಿದ್ದಾರಂತೆ. ಮಲೆನಾಡಿನಲ್ಲಿ ಸಮತಟ್ಟು ಎಲ್ಲಿಂದ ತರುವುದು? ಮನೆ ಅಂಗಳ ಬಿಟ್ಟರೆ ಎಲ್ಲ ಏರು ಇಲ್ಲ ಇಳುಕಲು. ಸೇತುವೆ ಆದ ಮೇಲೆ ಸಂಜೆ ಹೊತ್ತು ಅಲ್ಲಿಗೇ ಕರೆದುಕೊಂಡು ಬರುತ್ತಾನೆ.

ನಾನು ಸೈಕಲ್ ತಳ್ಳಿಕೊಂಡು ಅವರ ಜತೆ ನಡೆದೆ. ಅಂಚಿನ ಕಂಬಿಯ ಮೇಲೆ ಎಡಗೈ ಇಟ್ಟುಕೊಂಡು, ಬಲಗಾಲನ್ನು ಸ್ವಲ್ಪ ಎಳೆದು ಎಳೆದು ಅಪ್ಪ ಹೆಜ್ಜೆ ಹಾಕುತ್ತಿದ್ದರು. ನೀರಿನ ಆ ಕಡೆ ಕೈ ತೋರಿಸಿ ಏನೋ ಹೇಳಿದರು. ಮಾತು ಅಷ್ಟು ಸ್ಪಷ್ಟ ಇರಲಿಲ್ಲ, ಗೆಳೆಯ ಬಿಡಿಸಿ ಹೇಳಿದ: ಅಲ್ಲಿ ಕೆಳಗೆ ಅವರ ಅಜ್ಜನ ಗದ್ದೆ ಇತ್ತಂತೆ. ಇನ್ನೂರು ಹೆಜ್ಜೆ ಆದ ಮೇಲೆ ನಿಂತು ಉಸಿರು ತೆಗೆದುಕೊಂಡರು.

ಮುಂದೆ ನಿಲ್ಲಿಸಿದ್ದ ಕಾರಿನಿಂದ ಇಳಿದಿದ್ದ ಒಂದು ಗುಂಪು ಸೂರ್ಯ ಮುಳುಗುವುದನ್ನು ಹಿನ್ನೆಲೆಗೆ ಇಟ್ಟು ಫೋಟೋ ತೆಗೆಯುತ್ತಿತ್ತು. ಅದರಲ್ಲೊಬ್ಬ ಹುಡುಗ, ಬಹಳ ಮರ್ಯಾದೆಯಿಂದಲೇ, "ಅಂಕಲ್, ಸ್ವಲ್ಪ ಸೈಡಿಗೆ ಬರ್ತೀರಾ? ಫ್ರೇಮಲ್ಲಿ ಬರ್ತಿದೀರ" ಅಂದ.

ಅಪ್ಪ ಕಂಬಿಯಿಂದ ಕೈ ತೆಗೆದರು. ಮಗನ ತೋಳು ಹಿಡಿದು, ಮೂರು ಹೆಜ್ಜೆ ಪಕ್ಕಕ್ಕೆ ಹೋಗಿ ನಿಂತರು. ಆಮೇಲೆ ನನ್ನ ಕಡೆ ತಿರುಗಿ, ಈ ಸಲ ನನಗೇ ಅರ್ಥವಾಗುವ ಹಾಗೆ ಬಿಡಿಸಿ ಬಿಡಿಸಿ, "ರೈಲಿಗೆ ಹೊತ್ತಾತಲ್ಲ, ಹೊರಡು" ಅಂದರು.